ಪುಟ್ಟ ನಕ್ಷತ್ರದ ಚರಿತ್ರೆ

ಎರಡು ನಿಮಿಷ 46 ಸೆಕೆಂಡು ಇಂಟರ್ನೆಟ್ ಬಳಸಿದರೆ ಎಷ್ಟು ನಿಮಿಷದ ದುಡ್ಡು ಕೊಡಬೇಕು? ಮೂರು ನಿಮಿಷದ್ದು ಅಂತೀರಿ. ಸರಿ, ಚಿಲ್ಲರೆ ಸೆಕೆಂಡುಗಳನ್ನು ಒಂದು ಪೂರ್ತಿ ನಿಮಿಷ ಅಂತ ಹಿಡಿಯೋದು ವ್ಯಾಪಾರದಲ್ಲಿ ಇದ್ದದ್ದೇ. ಆದರೆ 1990ರ ದಶಕದ ಅಮೆರಿಕದಲ್ಲಿ, ಮನೆಮನೆಗೆ ಸಿ.ಡಿ. ಹಂಚಿ ಗಿರಾಕಿಗಳನ್ನು ಹಿಡಿಯುತ್ತಿದ್ದ ಅಮೆರಿಕ ಆನ್‌ಲೈನ್ ಕಂಪನಿ ಇದಕ್ಕೆ ನಾಲ್ಕು ನಿಮಿಷದ ದುಡ್ಡು ಹಾಕುತ್ತಿತ್ತು. ಲೆಕ್ಕ ಹೀಗೆ: ಪ್ರತಿ ಸಲ ನೀವು ಆನ್‌ಲೈನ್ ಹೋದಾಗಲೂ ಅವರು ಸುಮ್ಮನೆ 15 ಸೆಕೆಂಡು ಸೇರಿಸಿಕೊಳ್ಳುತ್ತಿದ್ದರು. 2 ನಿಮಿಷ 46 ಸೆಕೆಂಡು ಈಗ 3 ನಿಮಿಷ 1 ಸೆಕೆಂಡು ಆಯ್ತಲ್ಲ, ಆ ಒಂದು ಸೆಕೆಂಡನ್ನು ಮೇಲಕ್ಕೇರಿಸಿದರೆ ನಾಲ್ಕು ನಿಮಿಷ!

ಇದನ್ನು ಹಿಡಿದದ್ದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್. 1997ರಲ್ಲಿ ಅಮೆರಿಕ ಆನ್‌ಲೈನ್, ಕಾಂಪ್ಯುಸರ್ವ್, ಪ್ರಾಡಿಜಿ ಈ ಮೂರೂ ಕಂಪನಿಗಳ ಮೇಲೆ ಅದು ದೂರು ಹೊರಿಸಿ ರಾಜಿ ಮಾಡಿಸಿತು. ಮುಖ್ಯ ಆರೋಪ ‘ಉಚಿತ ಟ್ರಯಲ್’ ಎಂಬ ಜಾಹೀರಾತಿನದ್ದು. ಟ್ರಯಲ್ ಮುಗಿಯುವ ಮೊದಲು ನೀವೇ ಫೋನ್ ಮಾಡಿ ಬೇಡ ಅನ್ನದಿದ್ದರೆ ಬಿಲ್ಲು ತಾನಾಗಿ ಶುರುವಾಗುತ್ತೆ ಅನ್ನೋದನ್ನು ಗಟ್ಟಿಯಾಗಿ ಹೇಳಿರಲಿಲ್ಲ ಅಂತ. ಅದರ ಜೊತೆಗೆ, ಪಕ್ಕವಾದ್ಯದ ಹಾಗೆ, ಈ 15 ಸೆಕೆಂಡಿನ ಆರೋಪವೂ ಇತ್ತು.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಆ 15 ಸೆಕೆಂಡಲ್ಲ. ಕಮಿಷನ್ ‘ಹಾಗೆ ಸೇರಿಸಬೇಡಿ’ ಅನ್ನಲಿಲ್ಲ. ‘ಸೇರಿಸೋದನ್ನು ಗಿರಾಕಿಗೆ ಹೇಳಿಲ್ಲ’ ಅಂತ ತಕರಾರು ತೆಗೆಯಿತು. ತಗೊಳ್ಳಿ, ಆದರೆ ಹೇಳಿ ತಗೊಳ್ಳಿ. ಇಂಟರ್ನೆಟ್ ಕಂಪನಿಗಳ ಜಾಹೀರಾತು, ಬಿಲ್ಲುಗಳ ಮೇಲೆ ಸರ್ಕಾರಗಳು ಇಟ್ಟ ಕಣ್ಣಿನ ಚರಿತ್ರೆ ಓದುತ್ತಾ ಹೋದರೆ ಹೆಚ್ಚಿನ ಕಡೆ ಸಿಗುವುದು ಈ ಒಂದೇ ಮಾತು. ಹೇಳಬೇಕು ಅಂತ ಆಜ್ಞೆ ಆದ ಕೂಡಲೇ ಕಂಪನಿಗಳು ಹೇಳಲು ಒಂದು ಉಪಾಯ ಕಂಡುಕೊಂಡವು. ದೊಡ್ಡಕ್ಷರದ ಘೋಷಣೆಯ ಬಲ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ. ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ‘ಷರತ್ತುಗಳು ಅನ್ವಯ’. ನಮ್ಮ ಕನ್ನಡ ಪತ್ರಿಕೆಗಳಲ್ಲಂತೂ ಘೋಷಣೆ ಕನ್ನಡದಲ್ಲಿ, ನಕ್ಷತ್ರದ ಕೆಳಗಿನದ್ದು ಇಂಗ್ಲಿಷಿನಲ್ಲಿ. ಪ್ರಾಸ ನಮಗೆ, ಷರತ್ತು ವಕೀಲರಿಗೆ.

ಈ ನಕ್ಷತ್ರ ನಮ್ಮ ದೇಶದಲ್ಲಿ ಹೇಗೆ ಬೆಳೆಯಿತು, ಅದರ ಕೆಳಗೆ ಏನೇನು ಅವಿತುಕೊಂಡಿತು, ಅದನ್ನು ಪ್ರಶ್ನೆ ಮಾಡಲು ಹೊರಟವರು ಎಲ್ಲೆಲ್ಲಿ ಅಲೆದರು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಗಣಿತ ಬರುತ್ತೆ, ಸಹಿಸಿಕೊಳ್ಳಿ.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಜನಸಾಮಾನ್ಯರು ಅಂದೆ, ಆದರೆ ಆಗಿನ ದರಕ್ಕೆ ಅದು ಸಾಮಾನ್ಯರ ಕೈಗೆಟುಕುವ ವಸ್ತುವಾಗಿರಲಿಲ್ಲ. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದಾಗ ಅಲ್ಲಿ ಕಾಫಿಯಷ್ಟೇ ದೊಡ್ಡ ಆಕರ್ಷಣೆ ಇಂಟರ್ನೆಟ್ಟು. ಮನೆಯಲ್ಲಿ ಕನೆಕ್ಷನ್ ಇದ್ದವರಿಗೆ ಎರಡೆರಡು ಮೀಟರು. ಇಷ್ಟು ಗಂಟೆ ಅಂತ ಕೊಂಡ ಇಂಟರ್ನೆಟ್ ಪ್ಯಾಕಿನದ್ದೊಂದು, ಮೋಡೆಮ್ಮು ಕಿರುಚಿಕೊಂಡು ಹಚ್ಚುತ್ತಿದ್ದ ಲೋಕಲ್ ಕಾಲಿನದ್ದೊಂದು. ಲೈನು ಮಧ್ಯದಲ್ಲಿ ಕಡಿದರೆ ಮತ್ತೆ ಡಯಲ್, ಮತ್ತೆ ಒಂದು ಕಾಲ್. ಆಗ ತಕರಾರು ಯಾರ ಹತ್ತಿರ? ಮಾರುವವನೂ ಸರ್ಕಾರ, ಅಳೆಯುವವನೂ ಸರ್ಕಾರ, ದೂರು ಕೇಳುವವನೂ ಸರ್ಕಾರ.

1997ರಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, ಕಾಯ್ದೆಯ ಮೂಲಕ ಹುಟ್ಟಿತು. 1998ರ ಕೊನೆಯಲ್ಲಿ ಖಾಸಗಿ ಕಂಪನಿಗಳಿಗೂ ಇಂಟರ್ನೆಟ್ ಮಾರುವ ಬಾಗಿಲು ತೆರೆಯಿತು. ಸ್ಪರ್ಧೆ ಇದ್ದರೆ ದರ ತಾನೇ ಇಳಿಯುತ್ತೆ ಅನ್ನೋ ನಂಬಿಕೆಯಲ್ಲಿ ಟ್ರಾಯ್ ದರಗಳ ತಂಟೆಗೆ ಹೋಗದೆ ಕೈಕಟ್ಟಿ ನಿಲ್ಲುವ ನೀತಿ ಹಿಡಿಯಿತು. ದರ ನೀವೇ ಕಟ್ಟಿಕೊಳ್ಳಿ, ಜಾರಿಗೆ ತಂದ ಏಳು ಕೆಲಸದ ದಿನಗಳೊಳಗೆ ನಮಗೊಂದು ವರದಿ ಕೊಡಿ, ಅಷ್ಟೆ. ದರದ ವಿಷಯದಲ್ಲಿ ಈ ನಂಬಿಕೆ ಸುಳ್ಳಾಗಲಿಲ್ಲ, ಅದನ್ನು ಒಪ್ಪಲೇಬೇಕು. ಪ್ರಪಂಚದಲ್ಲೇ ಅಗ್ಗದ ಡೇಟಾ ಬಳಸುವವರ ಸಾಲಿನಲ್ಲಿ ನಾವಿದ್ದೇವೆ. ಆದರೆ ದರ ಅಗ್ಗವಾಗೋದು ಒಂದು, ತೂಕ ಸರಿಯಿರೋದು ಇನ್ನೊಂದು.

ತೂಕದ ಮಾತು ಶುರುವಾದದ್ದು 2004ರ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿಯಿಂದ. ‘ಬ್ರಾಡ್‌ಬ್ಯಾಂಡ್’ ಅಂತ ಕರೆಯಬೇಕಾದರೆ ಡೌನ್‌ಲೋಡ್ ವೇಗ ಕನಿಷ್ಠ 256 ಕೆಬಿಪಿಎಸ್ ಇರಬೇಕು ಅಂತ ಸರ್ಕಾರ ಮೊದಲ ಸಲ ವ್ಯಾಖ್ಯೆ ಕೊಟ್ಟಿತು. ಇವತ್ತು ನಗು ಬರುತ್ತೆ, ಆದರೆ ಡಯಲ್-ಅಪ್ಪಿನ ಕಾಲಕ್ಕೆ ಅದು ದೊಡ್ಡದೇ. ಇಲ್ಲೇ ಬಿಟ್ಟು-ಬೈಟಿನ ಆಟ ಶುರು. ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಮಿತಿಯನ್ನು ಬೈಟ್‌ನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. 256 ಕಿಲೋಬಿಟ್ ಅಂದರೆ ಸೆಕೆಂಡಿಗೆ 32 ಕಿಲೋಬೈಟ್. ಒಂದು ಜಿಬಿ ಮಿತಿಯ ಪ್ಲಾನನ್ನು ಆ ಆಮೆ ವೇಗದಲ್ಲಿ ಬಿಡದೆ ಓಡಿಸಿದರೂ ಒಂಬತ್ತು ಗಂಟೆಯೊಳಗೆ ಖಾಲಿ. ತಿಂಗಳಿನ ಪ್ಲಾನು, ಒಂದು ಹಗಲಿನ ನೀರು!

ಬೆಂಗಳೂರಿನಲ್ಲಿ ಆ ಕಾಲದಲ್ಲಿ ಕಾಲೇಜಿನಲ್ಲಿದ್ದವರಿಗೆ ಬಿಎಸ್‌ಎನ್‌ಎಲ್‌ನ ಡೇಟಾವನ್ ನೆನಪಿರಬಹುದು. ಕೆಲವು ಪ್ಲಾನುಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಲೆಕ್ಕವಿಲ್ಲದ ಡೌನ್‌ಲೋಡು. ಒಂದು ತಲೆಮಾರಿನ ಹುಡುಗರು ಅಲಾರಂ ಇಟ್ಟು ಎರಡು ಗಂಟೆಗೆ ಎದ್ದದ್ದು ಬ್ರಾಹ್ಮೀ ಮುಹೂರ್ತದ ಅಧ್ಯಯನಕ್ಕಲ್ಲ. ಎಂಟು ಗಂಟೆಗೆ ಸರಿಯಾಗಿ ಮೋಡೆಮ್ ಆರಿಸಲು ಮರೆತರೆ ಮೀಟರು ಓಡುತ್ತಿತ್ತು. ಆ ಪ್ಲಾನಿನಲ್ಲಿ ಒಂದು ಪ್ರಾಮಾಣಿಕತೆ ಇತ್ತು ಅಂತ ಈಗ ಅನ್ನಿಸುತ್ತೆ. ಯಾವಾಗ ಲೆಕ್ಕ, ಯಾವಾಗ ಲೆಕ್ಕವಿಲ್ಲ ಅನ್ನೋದು ಗಡಿಯಾರ ನೋಡಿದರೆ ಗೊತ್ತಾಗುತ್ತಿತ್ತು.

ಖಾಸಗಿ ಕಂಪನಿಗಳ ಜಾಹೀರಾತಿನಲ್ಲಿ ಬಂದದ್ದು ಬೇರೆ ಎರಡು ಪದ. ‘ವರೆಗೆ’ ಮತ್ತು ‘ಅನ್‌ಲಿಮಿಟೆಡ್’.

ಮೊದಲು ‘ವರೆಗೆ’. ‘2 ಎಂಬಿಪಿಎಸ್ ವರೆಗೆ ವೇಗ!’ ಸೊನ್ನೆಯಿಂದ ಎರಡರವರೆಗೆ ಎಷ್ಟು ಬಂದರೂ ಈ ವಾಕ್ಯ ಸುಳ್ಳಾಗುವುದಿಲ್ಲ. ದರ್ಜಿ ಅಂಗಡಿಯವನು ‘ನಾಳೆ ಸಂಜೆ ಒಳಗೆ ಕೊಡ್ತೀನಿ ಸಾರ್’ ಅಂದ ಹಾಗಲ್ಲ ಇದು, ಅವನಿಗಾದರೂ ಒಂದು ಸಂಜೆ ಇದೆ. 2006ರಲ್ಲಿ ಟ್ರಾಯ್ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ತಂದು, ಗಿರಾಕಿಗೆ ಹೇಳಿದ ವೇಗದಲ್ಲಿ ಶೇ. 80ಕ್ಕಿಂತ ಹೆಚ್ಚು ಸಿಗಲೇಬೇಕು ಅಂದಿತು. ಒಳ್ಳೆಯದೇ. ಆದರೆ ಸಾಲನ್ನು ಪೂರ್ತಿ ಓದಿ. ಈ ಶೇ. 80ನ್ನು ಅಳೆಯುತ್ತಿದ್ದದ್ದು ಕಂಪನಿಯ ನೋಡ್‌ನಿಂದ ನಿಮ್ಮ ಮನೆಯವರೆಗೆ ಮಾತ್ರ. ಅಲ್ಲಿಂದಾಚೆ, ನೀವು ನಿಜವಾಗಿ ನೋಡಬೇಕೆಂದಿರುವ ವೆಬ್‌ಸೈಟಿನವರೆಗಿನ ದಾರಿಯ ವೇಗ ಈ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಮನೆ ಮುಂದಿನ ಗಲ್ಲಿಗೆ ಚೆನ್ನಾಗಿ ಟಾರು ಹಾಕಿ, ಮುಖ್ಯರಸ್ತೆಯ ಟ್ರಾಫಿಕ್ಕು ನಮ್ಮ ಜವಾಬ್ದಾರಿ ಅಲ್ಲ ಅಂದ ಹಾಗೆ. ಸಿಲ್ಕ್ ಬೋರ್ಡ್ ದಾಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2009ರ ಮಾರ್ಚಿನಲ್ಲಿ ಟ್ರಾಯ್ ಇನ್ನೊಂದು ಪರದೆ ಸರಿಸಿತು. ಒಂದೇ ಕೊಳವೆಯನ್ನು ಎಷ್ಟು ಮಂದಿಗೆ ಹಂಚಬಹುದು? ಮನೆ ಕನೆಕ್ಷನ್ನಾದರೆ 50 ಜನಕ್ಕೆ, ವ್ಯವಹಾರದ್ದಾದರೆ 30 ಜನಕ್ಕೆ ಮೀರಬಾರದು ಅಂತ ಮಾರ್ಗಸೂಚಿ. ಅಂದ್ರೆ 2 ಎಂಬಿಪಿಎಸ್ ಕೊಂಡ 50 ಜನ ಒಂದೇ ಹೊತ್ತಿಗೆ ಕೂತರೆ ತಲೆಗೆ ಬರೋದು ಸುಮಾರು 40 ಕೆಬಿಪಿಎಸ್, ಡಯಲ್-ಅಪ್ಪಿನ ಹತ್ತಿರದ್ದು. ಎಲ್ಲರೂ ಒಟ್ಟಿಗೆ ಕೂರುವುದಿಲ್ಲ, ಹಂಚಿಕೆ ತಪ್ಪಲ್ಲ, ಬಸ್ ಪಾಸಿನ ಲೆಕ್ಕವೂ ಇದೇ. ಆದರೆ ಈ 50ರ ಲೆಕ್ಕವನ್ನು ದೊಡ್ಡಕ್ಷರದಲ್ಲಿ ಹಾಕಿದ ಒಂದು ಜಾಹೀರಾತನ್ನೂ ನಾನು ನೋಡಿದ್ದಿಲ್ಲ. ನೀವು ನೋಡಿದ್ದರೆ ಕಟ್ ಮಾಡಿ ಫ್ರೇಮ್ ಹಾಕಿಸಿ.

ಈ ‘ವರೆಗೆ’ ರೋಗ ನಮ್ಮೊಬ್ಬರದ್ದಲ್ಲ. ಬ್ರಿಟನ್ನಿನಲ್ಲಿ ನೂರರಲ್ಲಿ ಹತ್ತು ಗಿರಾಕಿಗಳಿಗೆ ಆ ವೇಗ ಸಿಕ್ಕಿದರೆ ಸಾಕು, ‘ಇಷ್ಟರವರೆಗೆ’ ಅಂತ ಜಾಹೀರಾತು ಹಾಕಬಹುದಿತ್ತು. ಜಗಳವಾಡಿ ಜಗಳವಾಡಿ 2018ರ ಮೇನಲ್ಲಿ ಅಲ್ಲಿನ ಜಾಹೀರಾತು ನಿಯಮ ಬದಲಾಯಿತು. ಈಗ ರಾತ್ರಿ ಎಂಟರಿಂದ ಹತ್ತರ ನಡುವಿನ ಗಿಜಿಗಿಜಿ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗಿರಾಕಿಗಳಿಗೆ ಸಿಗುವ ವೇಗವನ್ನೇ, ‘ಸರಾಸರಿ’ ಅಂತ ಹೇಳಿ ಹಾಕಬೇಕು. ಒಂದು ಪದ ಬದಲಾದರೆ ಏನಾಗುತ್ತೆ ಅಂತೀರಾ? ಹೋಲಿಸಿ ಕೊಳ್ಳುವವನ ಕೈಗೆ ನಿಜವಾದ ಒಂದು ಅಂಕಿ ಸಿಗುತ್ತೆ.

ಇನ್ನು ‘ಅನ್‌ಲಿಮಿಟೆಡ್’. ಬಾಳೆಎಲೆ ಮುಂದೆ ಕೂತವನಿಗೆ ಈ ಪದದ ಅರ್ಥ ಗೊತ್ತು, ಬೇಡ ಬೇಡ ಅಂದರೂ ಬಡಿಸುತ್ತಾರೆ. ಇಂಟರ್ನೆಟ್ಟಿನ ಅನ್‌ಲಿಮಿಟೆಡ್ ಊಟ ಬೇರೆ ಥರ. ಎರಡನೇ ಸಲ ಅನ್ನ ಕೇಳಿದ ಮೇಲೆ ಒಂದೊಂದೇ ಅಗುಳು ಬಡಿಸುತ್ತಾರೆ. ನಿಲ್ಲಿಸಿಲ್ಲ ನೋಡಿ, ಬಡಿಸ್ತಾನೇ ಇದ್ದೀವಿ! ಇದಕ್ಕೆ ಇಟ್ಟ ಹೆಸರು ‘ಫೇರ್ ಯೂಸೇಜ್ ಪಾಲಿಸಿ’. ಇಷ್ಟು ಜಿಬಿ ಆದಮೇಲೆ ವೇಗ ಇಳಿಸುವುದು. ಕೆಲವರು ಎಷ್ಟು ಇಳಿಸುತ್ತಿದ್ದರೆಂದರೆ ಸರ್ಕಾರದ ವ್ಯಾಖ್ಯೆಯ ಪ್ರಕಾರ ಅದು ಬ್ರಾಡ್‌ಬ್ಯಾಂಡೇ ಅಲ್ಲ. ಬ್ರಾಡ್‌ಬ್ಯಾಂಡ್ ಅಂತ ದುಡ್ಡು ತೆಗೆದುಕೊಂಡು ತಿಂಗಳ ಅರ್ಧ ಬೇರೇನನ್ನೋ ಕೊಡೋದು.

2012ರ ಜುಲೈನಲ್ಲಿ ಟ್ರಾಯ್ ನಿರ್ದೇಶನ ಹೊರಡಿಸಿತು. ಮಿತಿ ಎಷ್ಟು, ಮಿತಿಯವರೆಗೆ ವೇಗ ಎಷ್ಟು, ಆಮೇಲೆ ಎಷ್ಟು ಅನ್ನೋ ಮೂರನ್ನೂ ಜಾಹೀರಾತಿನಲ್ಲೂ ವೆಬ್‌ಸೈಟಿನಲ್ಲೂ ಹೇಳಿ, ಮಿತಿ ಹತ್ತಿರ ಬಂದಾಗ ಗಿರಾಕಿಗೆ ತಿಳಿಸಿ ಅಂತ. ಮತ್ತೆ ಅದೇ ಮಾತು, ಹೇಳಿ ತಗೊಳ್ಳಿ. ನಾಲ್ಕು ವರ್ಷ ಕಳೆದು 2016ರ ಅಕ್ಟೋಬರ್ 31ಕ್ಕೆ ಇನ್ನೊಂದು ನಿರ್ದೇಶನ ಬಂತು. ಮಿತಿ ಮುಗಿದ ಮೇಲೂ ವೈರಿನ ಬ್ರಾಡ್‌ಬ್ಯಾಂಡ್ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು. ಇದು ನನಗೆ ಮುಖ್ಯ ಅನ್ನಿಸುತ್ತೆ, ಯಾಕಂದ್ರೆ ಇಲ್ಲಿ ಟ್ರಾಯ್ ‘ಹೇಳಿ’ ಅನ್ನೋದರಾಚೆಗೆ ಹೋಗಿ ‘ಕೊಡಿ’ ಅಂದಿತು. ಆದರೆ ಆ ಹೊತ್ತಿಗೆ ದೇಶ ವೈರು ಬಿಟ್ಟು ಮೊಬೈಲಿಗೆ ಹತ್ತಿಯಾಗಿತ್ತು. ದಿನದ ಕೋಟಾ ಮುಗಿದ ಮೇಲೆ 64 ಕೆಬಿಪಿಎಸ್‌ಗೆ ಇಳಿಯುವ ಮೊಬೈಲ್ ‘ಅನ್‌ಲಿಮಿಟೆಡ್’ ಪ್ಲಾನುಗಳು ನಮಗೆಲ್ಲ ಗೊತ್ತೇ ಇವೆ. ಬ್ರಾಡ್‌ಬ್ಯಾಂಡ್ ವ್ಯಾಖ್ಯೆ ಮಾತ್ರ ಮೇಲೇರುತ್ತಾ ಹೋಗಿ 2023ರ ಜನವರಿಯಲ್ಲಿ 2 ಎಂಬಿಪಿಎಸ್ ಮುಟ್ಟಿತು.

ಜಾಹೀರಾತಿನ ಕಡೆ ನೋಡುವ ಇನ್ನೊಂದು ಸಂಸ್ಥೆ ಆಸ್ಕಿ, ಜಾಹೀರಾತುದಾರರೇ 1985ರಲ್ಲಿ ಕಟ್ಟಿಕೊಂಡ ಗುಣಮಟ್ಟ ಮಂಡಳಿ. 2015ರಲ್ಲಿ ಏರ್‌ಟೆಲ್ ತನ್ನ 4ಜಿ ಜಾಹೀರಾತಿನಲ್ಲಿ ನಮ್ಮದೇ ಅತಿ ವೇಗದ ನೆಟ್‌ವರ್ಕ್, ನಿಮ್ಮದು ಇದಕ್ಕಿಂತ ವೇಗವಾಗಿದ್ದರೆ ಜೀವನಪೂರ್ತಿ ನಿಮ್ಮ ಬಿಲ್ ನಾವು ಕಟ್ಟುತ್ತೇವೆ ಅಂತ ಪಂಥ ಕಟ್ಟಿತ್ತು. ದೂರು ಬಂತು, ಜಾಹೀರಾತು ದಾರಿ ತಪ್ಪಿಸುವಂತಿದೆ, ಬದಲಿಸಿ ಇಲ್ಲವೇ ಹಿಂತೆಗೆಯಿರಿ ಅಂತ ಆಸ್ಕಿ ಹೇಳಿತು. ಗಮನಿಸಿ, ಹೇಳುವ ಹೊತ್ತಿಗೆ ಜಾಹೀರಾತು ಕ್ರಿಕೆಟ್ ಓವರುಗಳ ನಡುವೆ ವಾರಗಟ್ಟಲೆ ಓಡಿ ದಣಿದಿತ್ತು.

ಅದೇ ಕಾಲದ ನೆಟ್ ನ್ಯೂಟ್ರಾಲಿಟಿ ಗಲಾಟೆ ನಿಮಗೆ ನೆನಪಿರುತ್ತೆ. ಅದು ಬೇರೆಯೇ ಕಥೆ, ಇಲ್ಲಿ ಒಂದೇ ಕಾರಣಕ್ಕೆ ತರುತ್ತೇನೆ. ಒಂದು ವೆಬ್‌ಸೈಟಿಗೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ ಅನ್ನುವುದನ್ನು 2016ರ ಫೆಬ್ರವರಿ 8ರಂದು ಟ್ರಾಯ್ ಸಾರಾಸಗಟು ನಿಷೇಧಿಸಿತು, ಮೀರಿದರೆ ದಿನಕ್ಕೆ 50 ಸಾವಿರ, ಒಟ್ಟು 50 ಲಕ್ಷದವರೆಗೆ ದಂಡ. ಪುಟಗಟ್ಟಲೆ ಜಾಹೀರಾತು ಹಾಕಿ ‘ಫ್ರೀ’ ಅಂದವರ ಯೋಜನೆ ನಿಂತಿತು. ಮನಸ್ಸು ಮಾಡಿದರೆ ನಿಯಂತ್ರಕನಿಗೆ ‘ಬೇಡ’ ಅನ್ನಲೂ ಬರುತ್ತೆ.

ಈಗ ಬಿಲ್ಲಿಗೆ ಬರೋಣ. ನಿಜವಾಗಿ ಜೇಬು ಹರಿಯೋದು ಇಲ್ಲಿ.

ಪ್ರೀಪೇಯ್ಡ್ ಬಂದ ಮೇಲೆ ಬಿಲ್ಲು ಅನ್ನೋ ಕಾಗದವೇ ಮಾಯವಾಯಿತು. ದುಡ್ಡು ಮೊದಲೇ ಅವರ ಹತ್ತಿರ, ಅದರಿಂದ ಕತ್ತರಿಸಿಕೊಳ್ಳೋದು ಅವರೇ. ಯಾವುದೋ ಹಾಡು ಕೇಳುವಾಗ ಒಂದು ಗುಂಡಿ ಒತ್ತಿದ್ದಕ್ಕೆ ಕಾಲರ್ ಟ್ಯೂನು ಶುರು, ಜ್ಯೋತಿಷ್ಯ ಶುರು, ಕ್ರಿಕೆಟ್ ಸ್ಕೋರು ಶುರು, ತಿಂಗಳಿಗೆ ಮೂವತ್ತೋ ನಲವತ್ತೋ ರೂಪಾಯಿ ಹೋಯ್ತು. ಐವತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡ ಕೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಟ್ರಾಯ್ 2011ರಲ್ಲಿ ಒಮ್ಮೆ, 2013ರ ಜುಲೈನಲ್ಲಿ ಇನ್ನೊಮ್ಮೆ ನಿರ್ದೇಶನ ಕೊಟ್ಟು, ಗಿರಾಕಿಯಿಂದ ಎರಡು ಸಲ ಒಪ್ಪಿಗೆ ಪಡೆಯದೆ ಇಂಥ ಸೇವೆ ಶುರು ಮಾಡಬಾರದು, ನಿಲ್ಲಿಸಲು 155223 ಎಂಬ ಒಂದೇ ಸಂಖ್ಯೆ ಸಾಕು ಎಂದಿತು. 2015ರಲ್ಲಿ ಇಂಟರ್ನೆಟ್ಟಿಗೂ ಅದೇ ಬಂತು. ಕೇಳದೆ ಡೇಟಾ ಶುರು ಮಾಡುವಂತಿಲ್ಲ, ಬೇಕಾದರೂ ಬೇಡವಾದರೂ 1925ಕ್ಕೆ ತಿಳಿಸಿದರೆ ಆಯಿತು. ಫೋನು ಜೇಬಿನಲ್ಲಿದ್ದಾಗ ತಾನಾಗಿ ನೆಟ್ ಆನ್ ಆಗಿ ಬ್ಯಾಲೆನ್ಸ್ ಸೊನ್ನೆಯಾಗುತ್ತಿದ್ದ ಕಾಲ ಅದು.

ಇದೆಲ್ಲದರ ಬುಡದಲ್ಲಿ ಇರುವ ಪ್ರಶ್ನೆ ಒಂದೇ. ಮೀಟರು ಯಾರದ್ದು? ತರಕಾರಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಆಟೋ ಮೀಟರಿಗೆ ಬೇಕು. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಹಾಕಿದ ಅಳತೆ ಕ್ಯಾನು ತರಿಸಿ ನಿಮ್ಮ ಕಣ್ಣೆದುರೇ ಅಳೆಸಬಹುದು. ಇಂಟರ್ನೆಟ್ಟಿನ ಐದು ಲೀಟರ್ ಕ್ಯಾನು ಎಲ್ಲಿದೆ? ನೀವು ಬಳಸಿದ ಜಿಬಿಯನ್ನು ಎಣಿಸುವ ಯಂತ್ರ ಮಾರುವವನ ಕಟ್ಟಡದೊಳಗಿದೆ.

ಟ್ರಾಯ್ ಇದನ್ನು ಯೋಚಿಸಿಲ್ಲ ಅಂತಲ್ಲ. 2006ರಲ್ಲೇ ಮೀಟರಿಂಗ್ ಮತ್ತು ಬಿಲ್ಲಿಂಗ್ ನಿಖರತೆಗೆ ಒಂದು ಸಂಹಿತೆ ಮಾಡಿ ವರ್ಷಕ್ಕೊಮ್ಮೆ ಆಡಿಟ್ ಕಡ್ಡಾಯ ಮಾಡಿತು. ಆಡಿಟರುಗಳ ಪಟ್ಟಿ ಟ್ರಾಯ್‌ದು, ಅದರಿಂದ ಒಬ್ಬರನ್ನು ಆರಿಸಿಕೊಳ್ಳೋದು ಕಂಪನಿ. ಹೆಚ್ಚು ವಸೂಲಾದದ್ದು ಕಂಡುಬಂದರೆ ಗಿರಾಕಿಗೆ ವಾಪಸು. ಗಿರಾಕಿ ಸಿಗದಿದ್ದರೆ? ಅದಕ್ಕೆ 2007ರಲ್ಲಿ ಗ್ರಾಹಕರ ಶಿಕ್ಷಣ ಮತ್ತು ರಕ್ಷಣೆಯ ನಿಧಿ ಅಂತ ಒಂದನ್ನು ಮಾಡಿದರು. ಮಾಲೀಕರಿಲ್ಲದ ಹಣ ಅಲ್ಲಿಗೆ ಹೋಗುತ್ತೆ, ಅದರಿಂದ ಗ್ರಾಹಕರಿಗೆ ತಿಳುವಳಿಕೆ ಕಾರ್ಯಕ್ರಮ. ನಿಮ್ಮಿಂದ ತಪ್ಪಾಗಿ ಕಿತ್ತ ದುಡ್ಡಿನಲ್ಲಿ, ತಪ್ಪಾಗಿ ಕಿತ್ತರೆ ಏನು ಮಾಡಬೇಕು ಅಂತ ನಿಮಗೇ ಪಾಠ! ವ್ಯಂಗ್ಯಕ್ಕೆ ಹೇಳಿದೆ, ವ್ಯವಸ್ಥೆ ಇಲ್ಲದಿರುವುದಕ್ಕಿಂತ ಇರುವುದು ಮೇಲು.

ಮತ್ತೆ ತಿಂಗಳ ಲೆಕ್ಕ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರೋದು ಮೂರು ವರ್ಷಕ್ಕೊಂದು ಸಲ. ಟೆಲಿಕಾಂ ಪಂಚಾಂಗದಲ್ಲಿ ಪ್ರತಿ ವರ್ಷ. 28 ದಿನಕ್ಕೆ ಒಂದು ತಿಂಗಳಾದರೆ ವರ್ಷಕ್ಕೆ ಹದಿಮೂರು ರೀಚಾರ್ಜು. ಸಂಬಳ ಹನ್ನೆರಡೇ ಸಲ. 2022ರ ಜನವರಿ 27ರಂದು ಟ್ರಾಯ್ ದರ ಆದೇಶಕ್ಕೆ ತಿದ್ದುಪಡಿ ತಂದು, 30 ದಿನದ ಪ್ಲಾನು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ಮುಗಿಯುವ ಪ್ಲಾನು ಇಡಲೇಬೇಕು ಅಂದಿತು. ಎಷ್ಟು? ಕನಿಷ್ಠ ಒಂದೊಂದು. ಕಂಪನಿಗಳು ಇಟ್ಟವು. ಆ್ಯಪ್ ತೆಗೆದು ಹುಡುಕಿ ನೋಡಿ, ಎಷ್ಟು ಕೆಳಗೆ ಸ್ಕ್ರಾಲ್ ಮಾಡಬೇಕಾಗುತ್ತೆ ಅಂತ.

ಇಷ್ಟೆಲ್ಲ ನಿಯಮ ಇದೆಯಲ್ಲ, ಮೀರಿದರೆ ಏನು ಅಂತ ಟ್ರಾಯ್ ಕಾಯ್ದೆಯ 29ನೇ ಸೆಕ್ಷನ್ ತೆಗೆದು ನೋಡಿದೆ. ನಿರ್ದೇಶನ ಉಲ್ಲಂಘಿಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಎರಡನೇ ಸಲಕ್ಕೆ ಎರಡು ಲಕ್ಷದವರೆಗೆ, ಮುಂದುವರಿದರೆ ದಿನಕ್ಕೆ ಎರಡು ಲಕ್ಷದವರೆಗೆ. ಪತ್ರಿಕೆಯ ಮುಖಪುಟ ಕೊಂಡು ಜಾಹೀರಾತು ಹಾಕುವ ಕಂಪನಿಗೆ ಮೊದಲ ತಪ್ಪಿನ ದಂಡ ಟೀ-ಕಾಫಿ ಖರ್ಚು. ಗಿರಾಕಿಯ ಕೈಗೇ ನೇರ ದುಡ್ಡು ಕೊಡಿಸಲು ಟ್ರಾಯ್ ಒಮ್ಮೆ ಹೊರಟಿತ್ತು, ಕಾಲ್ ಡ್ರಾಪ್ ಆದರೆ ಒಂದು ರೂಪಾಯಿ, ದಿನಕ್ಕೆ ಮೂರರವರೆಗೆ. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆ ನಿಯಮವನ್ನೇ ಮನಸೋಇಚ್ಛೆಯದು ಅಂತ ರದ್ದು ಮಾಡಿತು.

ಹಾಗಾದರೆ ತಪ್ಪು ಬಿಲ್ಲು ಬಂದ ಒಬ್ಬ ಮನುಷ್ಯ ಎಲ್ಲಿಗೆ ಹೋಗಬೇಕು? ಟ್ರಾಯ್ ಒಬ್ಬೊಬ್ಬರ ದೂರು ಕೇಳುವುದಿಲ್ಲ, ಅದರ ಕೆಲಸ ನಿಯಮ ಮಾಡೋದು. 2000ದಲ್ಲಿ ಹುಟ್ಟಿದ ಟಿಡಿಸ್ಯಾಟ್ ನ್ಯಾಯಮಂಡಳಿ ಕಂಪನಿ-ಕಂಪನಿ ಜಗಳ, ಗ್ರಾಹಕರ ಗುಂಪಿನ ಜಗಳ ಕೇಳುತ್ತೆ, ಒಬ್ಬನದ್ದು ಕೇಳುವುದಿಲ್ಲ. ನೀವು ಗ್ರಾಹಕ ನ್ಯಾಯಾಲಯಕ್ಕೆ ಹೋಗಿ ಅಂತ ಆ ಕಾಯ್ದೆಯೇ ದಾರಿ ತೋರಿಸುತ್ತೆ. ಸರಿ, ಅಲ್ಲಿಗೆ ಹೋದರೆ?

2009ರ ಸೆಪ್ಟೆಂಬರ್ 1ರಂದು ಆ ಬಾಗಿಲೂ ಮುಚ್ಚಿತು. ಕೇರಳದ ಕೋಝಿಕ್ಕೋಡಿನಲ್ಲಿ ಬಿಲ್ ಕಟ್ಟಿಲ್ಲ ಅಂತ ಒಬ್ಬರ ಟೆಲಿಫೋನು ಕಡಿದಿದ್ದರು. ಗ್ರಾಹಕ ವೇದಿಕೆ ಅವರಿಗೆ ಐದು ಸಾವಿರ ಪರಿಹಾರ ಕೊಡಿಸಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಸೆಕ್ಷನ್ ಪ್ರಕಾರ ಇಂಥ ಜಗಳಕ್ಕೆ ಪಂಚಾಯ್ತಿಯೇ ದಾರಿ, ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ ಅಂತ ತೀರ್ಪಾಯಿತು. ಪುಟಗಳ ಲೆಕ್ಕದಲ್ಲಿ ಚಿಕ್ಕ ತೀರ್ಪು. ಆದರೆ ಖಾಸಗಿ ಕಂಪನಿಗಳ ವಕೀಲರಿಗೆ ಅದು ರಾಮಬಾಣವಾಯಿತು. ಮೊಬೈಲು, ಇಂಟರ್ನೆಟ್ಟು ಯಾವುದರ ದೂರು ಬರಲಿ, ಮೊದಲು ಆ ತೀರ್ಪನ್ನು ಮೇಜಿನ ಮೇಲಿಡುವುದು. ತಮಾಷೆ ಏನಂದ್ರೆ 7ಬಿ ಮಾತಾಡೋದು ಸರ್ಕಾರದ ‘ಟೆಲಿಗ್ರಾಫ್ ಅಧಿಕಾರಿ’ಯ ಜೊತೆಗಿನ ಜಗಳದ ಬಗ್ಗೆ. ಖಾಸಗಿ ಕಂಪನಿಗೆ ಆ ಸ್ಥಾನ ಇಲ್ಲ ಅಂತ ದೂರಸಂಪರ್ಕ ಇಲಾಖೆಯೇ 2014ರ ಜನವರಿಯಲ್ಲಿ ಪತ್ರ ಬರೆದು ಹೇಳಿತ್ತು. ಬಾಣ ಮಾತ್ರ ಓಡುತ್ತಲೇ ಇತ್ತು.

ಅದು ತಗುಲಿದವರಲ್ಲಿ ಅಹಮದಾಬಾದಿನ ಒಬ್ಬ ಪೋಸ್ಟ್‌ಪೇಯ್ಡ್ ಗ್ರಾಹಕರು ಒಬ್ಬರು. ತಿಂಗಳ ಬಾಡಿಗೆ 249 ರೂಪಾಯಿ, ಸರಾಸರಿ ಬಿಲ್ಲು 555 ರೂಪಾಯಿ ಅಂತ ಅವರ ಹೇಳಿಕೆ. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಒಂದು ತಿಂಗಳಿಗೆ ವೊಡಾಫೋನ್ ಕಳಿಸಿದ ಬಿಲ್ಲು 24,609 ರೂಪಾಯಿ 51 ಪೈಸೆ. ಆ 51 ಪೈಸೆಯನ್ನು ನೋಡಿ ನನಗೆ ಏನೋ ಆಯಿತು, ಎಂಥ ನಿಖರತೆ! ಕ್ರೆಡಿಟ್ ಕಾರ್ಡಿಗೆ ಆಟೋ-ಪೇ ಇತ್ತು, ಆದ್ದರಿಂದ ಒಪ್ಪುವ-ಬಿಡುವ ಪ್ರಶ್ನೆಯೂ ಇರಲಿಲ್ಲ. ಅವರು 2014ರ ಮೇನಲ್ಲಿ ಜಿಲ್ಲಾ ಗ್ರಾಹಕ ವೇದಿಕೆಗೆ ದೂರು ಕೊಟ್ಟು, ಬಡ್ಡಿ ಸಮೇತ 22,000 ರೂಪಾಯಿ ಪರಿಹಾರ ಕೇಳಿದರು.

ಕಂಪನಿ, ಬಿಲ್ಲು ಸರಿಯೋ ತಪ್ಪೋ ಅನ್ನುವ ಮಾತಿಗೇ ಹೋಗಲಿಲ್ಲ. 2009ರ ತೀರ್ಪು ತೋರಿಸಿ, ಈ ದೂರನ್ನು ಕೇಳಲು ನಿಮಗೆ ಅಧಿಕಾರವೇ ಇಲ್ಲ ಅಂದಿತು. ಜಿಲ್ಲಾ ವೇದಿಕೆ ಆ ಆಕ್ಷೇಪ ಒಪ್ಪಲಿಲ್ಲ. ರಾಜ್ಯ ಆಯೋಗಕ್ಕೆ ಹೋಯಿತು, ಅಲ್ಲೂ ನಿಲ್ಲಲಿಲ್ಲ. ರಾಷ್ಟ್ರೀಯ ಆಯೋಗ, ಅಲ್ಲೂ ಇಲ್ಲ. ಕೊನೆಗೆ ಸುಪ್ರೀಂ ಕೋರ್ಟು. 22 ಸಾವಿರದ ದೂರಿಗೆ ದೆಹಲಿಯ ಹಿರಿಯ ವಕೀಲರು ಯಾಕೆ ಬೇಕು ಅಂತ ಕೇಳಬೇಡಿ. ಕಂಪನಿ ಉಳಿಸಿಕೊಳ್ಳಲು ಹೋರಾಡುತ್ತಿದ್ದದ್ದು ಆ 22 ಸಾವಿರವನ್ನಲ್ಲ, ಕೋಟ್ಯಂತರ ಗಿರಾಕಿಗಳಿಗೆ ಮುಚ್ಚಿದ್ದ ಬಾಗಿಲನ್ನು.

2022ರ ಫೆಬ್ರವರಿ 16ರಂದು, 28 ದಿನದ ತಿಂಗಳಿನ ಆದೇಶ ಬಂದ ಮೂರು ವಾರಕ್ಕೆ, ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಸೂರ್ಯ ಕಾಂತ್, ವಿಕ್ರಮ್ ನಾಥ್ ಅವರ ಪೀಠ 2009ರ ತೀರ್ಪು ಸರಿಯಲ್ಲ ಎಂದಿತು. ಗ್ರಾಹಕ ರಕ್ಷಣಾ ಕಾಯ್ದೆ ಕೊಡುವ ದಾರಿ ಉಳಿದವುಗಳ ಜೊತೆಗೆ ಇರುವ ಹೆಚ್ಚಿನ ದಾರಿ. 7ಬಿ ಪಂಚಾಯ್ತಿಗೆ ಹೋಗಬೇಕೆಂದರೆ ಗ್ರಾಹಕ ಹೋಗಬಹುದು, ಅಲ್ಲಿಗೇ ಹೋಗು ಅಂತ ಒತ್ತಾಯಿಸುವಂತಿಲ್ಲ. 2019ರ ಹೊಸ ಕಾಯ್ದೆಯಲ್ಲಿ ‘ಟೆಲಿಕಾಂ ಸೇವೆ’ ಅನ್ನೋ ಪದ ಸೇರಿಸಿದ್ದೇ ಹಳೆಯದರಲ್ಲಿ ಅದು ಇರಲಿಲ್ಲ ಅನ್ನೋದಕ್ಕೆ ಸಾಕ್ಷಿ ಅಂತ ಕಂಪನಿ ವಾದಿಸಿತ್ತು. ಹಳೆಯ ಕಾಯ್ದೆಯ ‘ಸೇವೆ’ ಎಂಬ ಪದವೇ ಇದನ್ನೂ ಒಳಗೊಳ್ಳುವಷ್ಟು ವಿಶಾಲ ಅಂದಿತು ಪೀಠ.

ಈಗ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಒಂದು ಪೈಸೆ ಶುಲ್ಕವಿಲ್ಲದೆ, ವಕೀಲರನ್ನೂ ಇಟ್ಟುಕೊಳ್ಳದೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವೇ ದೂರು ಕೊಡಬಹುದು. ಬಿಲ್ಲಿನ ಪಿಡಿಎಫ್, ಜಾಹೀರಾತಿನ ಸ್ಕ್ರೀನ್‌ಶಾಟು, ಕಸ್ಟಮರ್ ಕೇರ್ ಕೊಟ್ಟ ದೂರಿನ ಸಂಖ್ಯೆ ಇವಿಷ್ಟನ್ನು ಜೋಪಾನವಾಗಿ ಇಟ್ಟುಕೊಂಡಿರಿ. ನಕ್ಷತ್ರದ ಕೆಳಗಿನ ಸಾಲನ್ನೂ ಸ್ಕ್ರೀನ್‌ಶಾಟಿನಲ್ಲಿ ಬರುವ ಹಾಗೆ ತೆಗೆಯಿರಿ, ನಾಳೆ ಅದು ಅಲ್ಲಿ ಇರುತ್ತೋ ಇಲ್ಲವೋ.

ಅಹಮದಾಬಾದಿನ ಆ ಗ್ರಾಹಕರು ಎಂಟು ವರ್ಷ ಕಾದು ಗೆದ್ದದ್ದು ದೂರು ಹೇಳಿಕೊಳ್ಳುವ ಹಕ್ಕನ್ನು. ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆ ಅಷ್ಟೇ ಆಗಿತ್ತು. ಒಂದು ತಿಂಗಳಿನಲ್ಲಿ 24,609 ರೂಪಾಯಿ 51 ಪೈಸೆ ಹೇಗಾಯಿತು ಅನ್ನೋ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಮತ್ತೆ ಜಿಲ್ಲಾ ವೇದಿಕೆಯ ಪಾಲಿಗೇ ಉಳಿಯಿತು.